ತುತ್ತಿಗೊಂದು ಲೈನ್ ಕ್ಲಿಯರ್

ನಮ್ಮ ಭಾವ ಗಂಟಲಿನ ತಿಳಿವಳಿಕೆ ಬಂದ ಮೇಲೆ, ಒಂದೇ ಒಂದು ತುತ್ತನ್ನು ಬಿಟ್ಟರೆ, ಮತ್ಯಾವ ತುತ್ತನ್ನೂ ಅಪ್ಪಣೆಯಿಲ್ಲದೆ ನುಂಗಿದವರಲ್ಲ! ಯಾರ ಅಪ್ಪಣೆ ಅಂತೀರಾ? ಹೆಂಡತಿಯದು ಅಂದುಕೊಂಡರೆ ತಪ್ಪು. ಅಪ್ಪಣೆ ಕೇಳುವವರೂ ಅವರೇ, ಕೊಡುವವರೂ ಅವರೇ. ತಟ್ಟೆಯ ಮುಂದೆ ಕೂತು, ತುತ್ತನ್ನು ಬಾಯೊಳಗೆ ನಿಲ್ಲಿಸಿಕೊಂಡು, ಗದ್ದ ತಗ್ಗಿಸಿ, ಎಡಗೈಯನ್ನು ರೈಲ್ವೆ ಕೈಮರದ ಹಾಗೆ ನೇರ ಚಾಚುವರು. ಒಂದು ಕ್ಷಣ ಉಸಿರು ಬಿಗಿಹಿಡಿಯುವರು. ಆಮೇಲೆ ಕೈ ನಿಧಾನವಾಗಿ ಇಳಿಯುವುದು. ಇಳಿಯಿತೋ, ಗುಳುಕ್! ಹಿಂದೆಯೇ ಒಂದು ಸಣ್ಣ ಕೆಮ್ಮು, 'ಖ್ಹೆಂ'. ಅಂದರೆ ಗಾಡಿ ಪಾಸಾಯಿತು ಅಂತ ಅರ್ಥ. ಮುಂದಿನ ತುತ್ತಿಗೆ ಮತ್ತೆ ಮೊದಲಿನಿಂದ.

ಒಂದು ಮುದ್ದೆ ಮುಗಿಯುವುದಕ್ಕೆ ಮುಕ್ಕಾಲು ಗಂಟೆ. ಎರಡು ಮುದ್ದೆ ಉಂಡ ದಿನ ಮಧ್ಯಾಹ್ನದ ಊಟ ಸಂಜೆ ಕಾಫಿಗೆ ಡಿಕ್ಕಿ ಹೊಡೆಯುತ್ತಿತ್ತು.

ಆ 'ಒಂದೇ ಒಂದು ತುತ್ತು' ಅಂದೆನಲ್ಲ, ಅದರ ವಿಷಯ ಹೇಳುವುದಕ್ಕೇ ಈ ಬರಹ. ನಾನೀಗ ಎಂಬತ್ತರ ಹತ್ತಿರದವನು. ಓದಿದ್ದು ಎಸ್ಸೆಸ್ಸೆಲ್ಸಿ, ಮಾಡಿದ್ದು ಹೈಸ್ಕೂಲು ಗುಮಾಸ್ತಿಕೆ. ಆ ತುತ್ತು ಅಪ್ಪಣೆಯಿಲ್ಲದೆ ಇಳಿದದ್ದು ನನ್ನಿಂದ. ಅದರಿಂದಾಗಿ, ನಾಲ್ಕು ಜನರ ನಡುವೆ ಕೂತು ಉಣ್ಣುವುದೇ ಜೀವ ಅನ್ನುತ್ತಿದ್ದ ಮನುಷ್ಯ ಹನ್ನೊಂದು ವರ್ಷ ಯಾರ ಎದುರಿಗೂ ಊಟ ಮಾಡಲಿಲ್ಲ. ಭಾವ ಈಗಿಲ್ಲ. ಅಕ್ಕ ಇದ್ದಾಳೆ, ಕನ್ನಡಕ ಹಾಕಿಕೊಂಡು ಇದನ್ನು ಓದಿಯೇ ಓದುತ್ತಾಳೆ. ಓದಲಿ. ನೀವು ನಗುತ್ತಾ ಓದಿ, ಪರವಾಗಿಲ್ಲ. ನಾನೂ ನಗುತ್ತಲೇ ಆ ಕೆಲಸ ಮಾಡಿದ್ದು.

ಭಾವ ಅಜ್ಜಂಪುರದ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಲಿವರ್ ಎಳೆದು ದಾರಿ ಕೂಡಿಸುವ ಕೆಲಸ. ಎಪ್ಪತ್ತರ ದಶಕ ಅದು. ನಮ್ಮ ಕಡೆ ಒಂಟಿ ಹಳಿ, ಹೊಗೆ ಎಂಜಿನ್ನು. ಮುಂದಿನ ಸ್ಟೇಷನ್ನಿಂದ 'ಲೈನ್ ಕ್ಲಿಯರ್' ಬರದೆ ಗಾಡಿ ಒಂದು ಮಾರೂ ಕದಲುವ ಹಾಗಿರಲಿಲ್ಲ. "ತಪ್ಪು ಲೈನಿಗೆ ಬಿಟ್ಟ ಗಾಡೀನ ಕೂಗಿ ಕರೆದ್ರೆ ಬರಲ್ಲ ಕಣೋ" ಅನ್ನುವರು. ಲಿವರ್ ಎಳೆದ ಮೇಲೂ ನಡೆದುಹೋಗಿ ಹಳಿ ಕೂಡಿದೆಯೋ ಇಲ್ಲವೋ ಮುಟ್ಟಿ ನೋಡಿ ಬರುವರು. ಮನೆಗೆ ಬಂದ ಮೇಲೆ ಅನುಮಾನವಾದರೆ ಊಟ ಬಿಟ್ಟು ಮತ್ತೆ ಹೋಗುವರು.

ಇನ್ನೊಂದು ಅಭ್ಯಾಸವಿತ್ತು. ಗಾರ್ಡು ಸೀಟಿ ಊದಿದರೆ ಇವರು ಬಾವುಟ ಎತ್ತಿ 'ರೈಟ್!' ಎಂದು ಕೂಗುತ್ತಿದ್ದರು. ವರ್ಷಗಟ್ಟಲೆ ಕೂಗಿ ಕೂಗಿ ಅದು ಮೈಗೇ ಹತ್ತಿಬಿಟ್ಟಿತ್ತು. ಎಲ್ಲೇ ಸೀಟಿ ಕೇಳಲಿ, ಭಾವನನ್ನು ಕೇಳದೆಯೇ ಭಾವನ ಬಾಯಿ 'ರೈಟ್!' ಅನ್ನುತ್ತಿತ್ತು. ಮದುವೆಮನೆಯಲ್ಲಿ ಯಾವುದೋ ಮಗು ಪೀಪಿ ಊದಿದರೆ ರೈಟ್! ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರು ಮೈದಾನದಲ್ಲಿ ಸೀಟಿ ಊದಿದರೆ, ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಭಾವ ಅಲ್ಲಿಂದಲೇ ರೈಟ್! ಡ್ರಿಲ್ ಮಾಸ್ತರು ನನಗೆ ಗೆಳೆಯರು. "ನಿಮ್ ಭಾವ ನನ್ ಕ್ಲಾಸ್ ಕೆಡಿಸ್ತಾರೆ ಕಣ್ರೀ" ಎಂದು ದಿನಾ ದೂರು. ಈ ಸೀಟಿಯನ್ನು ನೀವು ನೆನಪಿನಲ್ಲಿಟ್ಟುಕೊಂಡಿರಿ.

ಇಷ್ಟೆಲ್ಲ ಇದ್ದರೂ ಊಟದ ವಿಷಯದಲ್ಲಿ ಭಾವ ನಮ್ಮ ನಿಮ್ಮ ಹಾಗೆಯೇ ಇದ್ದರು. ಕೆಡಿಸಿದವನು ನಾನು!

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಕ್ಕನ ಮನೆಯಲ್ಲೇ ಊಟ. ಒಂದು ದಿನ ಬುತ್ತಿ ಮರೆತು ಸ್ಕೂಲಿಗೆ ಬಂದಿದ್ದೆ. ಭಾವ ತಂದುಕೊಡಲು ಬಂದರು. ನಾವು ಸೈನ್ಸ್ ರೂಮಿನ ಗೋಡೆಗೆ ಒಂದು ಹೊಸ ಪಟ ತಗುಲಿಸುತ್ತಿದ್ದೆವು. ಮನುಷ್ಯನ ತಲೆಯನ್ನು ಮೂಗಿನ ನೇರಕ್ಕೆ ಸೀಳಿ ಅರ್ಧ ಭಾಗ ತೋರಿಸಿದ ಪಟ. ಮೂಗಿನ ಒಳಗು, ಅಂಗುಳ, ನಾಲಿಗೆ, ಗಂಟಲು, ಅದರ ಕೆಳಗೆ ಎರಡು ಕೊಳವೆ. ಭಾವ ಬಾಗಿಲಲ್ಲೇ ಬುತ್ತಿ ಹಿಡಿದು ನಿಂತುಬಿಟ್ಟರು.

"ಲೇ ಭಾಮೈದ, ಇದ್ಯಾವ ಸ್ಟೇಷನ್ನೋ?"

"ಸ್ಟೇಷನ್ನಲ್ಲ ಭಾವ, ಗಂಟಲು."

"ಸುಮ್ನಿರೋ. ಇಲ್ನೋಡು, ಮ್ಯಾಲಿಂದ ಮೂಗಿನ ಲೈನು ಬಂತು. ಮುಂದಿಂದ ಬಾಯಿ ಲೈನು ಬಂತು. ಎರಡೂ ಇಲ್ಲಿ ಯಾರ್ಡಿಗೆ ಸೇರ್ಕೊಂಡ್ವು. ಕೆಳಗೆ ಮತ್ತೆ ಎರಡು ಲೈನು. ನಮ್ ಬೀರೂರು ಜಂಕ್ಷನ್ನು ಕಣೋ ಇದು!"

ಸೈನ್ಸ್ ಮಾಸ್ತರಿಗೆ ಹುರುಪು ಬಂತು. ಮಕ್ಕಳಿಂದ ಇಂಥ ಪ್ರಶ್ನೆ ಅವರಿಗೆ ಎಂದೂ ಬಂದಿರಲಿಲ್ಲ ಪಾಪ. ಬೆತ್ತ ತೆಗೆದುಕೊಂಡು ತೋರಿಸಿದರು. "ಸರಿಯಾಗೇ ಹೇಳಿದ್ರಿ. ಕೆಳಗಿನ ಎರಡರಲ್ಲಿ ಮುಂದಿನದು ಉಸಿರಿನ ಕೊಳವೆ, ಶ್ವಾಸನಾಳ. ಹಿಂದಿನದು ಅನ್ನನಾಳ. ಉಸಿರು ಮೂಗಿನಿಂದ ಹಿಂದಕ್ಕೆ ಬಂದು ಮುಂದಿನ ಕೊಳವೆಗೆ ಹೋಗಬೇಕು. ಅನ್ನ ಬಾಯಿಂದ ಬಂದು ಅದನ್ನ ದಾಟಿ ಹಿಂದಿನ ಕೊಳವೆಗೆ ಹೋಗಬೇಕು."

ಭಾವನ ಮುಖ ಬಿಳಿಚಿಕೊಂಡಿತು. "ಅಂದ್ರೆ ಎರಡು ಲೈನೂ ಒಂದನ್ನೊಂದು ಹಾಯ್ತವೆ?"

"ಹೂಂ."

"ದಿನಕ್ಕೆಷ್ಟು ಗಾಡಿ?"

"ಎಂಜಲು ನುಂಗೋದೂ ಸೇರಿಸಿದ್ರೆ ಎಣಿಸೋಕಾಗಲ್ಲ."

"ಪಾಯಿಂಟ್ಸ್‌ಮನ್ ಯಾರು?"

ಮಾಸ್ತರು ಬೆತ್ತದ ತುದಿಯಿಂದ ನಾಲಿಗೆಯ ಬುಡದಲ್ಲಿ ನಿಂತಿದ್ದ ಒಂದು ಸಣ್ಣ ಎಲೆಯಂಥದನ್ನು ಮುಟ್ಟಿದರು. "ಈ ಮುಚ್ಚಳ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೇರುತ್ತೆ, ಈ ಮುಚ್ಚಳ ಬಾಗಿ ಉಸಿರಿನ ದಾರಿಗೆ ಅಡ್ಡ ಬೀಳುತ್ತೆ. ಅನ್ನ ಹಿಂದಕ್ಕೆ ಜಾರುತ್ತೆ."

"ಇಷ್ಟೇನಾ? ವೀಳ್ಯದೆಲೆ ತುದಿಯಷ್ಟಿಲ್ಲ! ಇವನಿಗೆ ರಜ ಯಾವಾಗ?"

"ರಜ ಇಲ್ಲ."

"ಬದಲಿಗೆ ಯಾರಾದ್ರೂ?"

"ಯಾರೂ ಇಲ್ಲ. ಸಾಯೋವರೆಗೂ ಇವನೊಬ್ಬನೇ."

ಭಾವ ಬುತ್ತಿಯನ್ನು ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು, ಪಟಕ್ಕೆ ಕೈಮುಗಿದರು.

ಅಂದಿನಿಂದ ಶುರು. ಸೈನ್ಸ್ ಮಾಸ್ತರ ಮನೆಗೆ ಮೂರು ಭಾನುವಾರ ಹೋಗಿ ಪಾಠ ಹೇಳಿಸಿಕೊಂಡರು. ಬಾಯಿಯ ಚಾವಣಿಯಲ್ಲಿ ಮುಂದಿನದು ಗಟ್ಟಿ ಅಂಗುಳ, ಹಿಂದಿನದು ಮೆತ್ತನೆಯ ಅಂಗುಳ. ನುಂಗುವಾಗ ಮೆತ್ತನೆಯದು ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಹಾಗಾಗಿ ಅದು ಲೆವೆಲ್ ಕ್ರಾಸಿಂಗ್ ಗೇಟು. ಅದರ ತುದಿಗೆ ನೇತಾಡುವ ಕಿರುನಾಲಿಗೆ ಗೇಟಿನ ಲಾಂದ್ರ. ಅಕ್ಕ ಕಾಫಿ ಕುಡಿಯುತ್ತಾ ನಕ್ಕು, ಕಾಫಿ ಮೂಗಿನಲ್ಲಿ ಬಂದರೆ ಭಾವ ಕೂಗುವರು, "ಗೇಟ್ ಹಾಕಿಲ್ಲ ಕಣೇ! ಗೇಟ್ ಹಾಕದೆ ಗಾಡಿ ಬಿಟ್ಬಿಟ್ಟೆ!"

ಅಕ್ಕ ಮೂಗು ಒರೆಸಿಕೊಂಡು, "ನಿಮ್ಮನ್ನ ಕಟ್ಕೊಂಡಿದ್ದೇ ಗೇಟ್ ಹಾಕದೆ ಕಣ್ರೀ" ಅನ್ನುವಳು.

ತಿನ್ನುವ ಪದಾರ್ಥಗಳಿಗೆಲ್ಲ ಹೊಸ ದರ್ಜೆ ಬಂತು. ಪಾಯಸ ಎಕ್ಸ್‌ಪ್ರೆಸ್ಸು. ಅನ್ನ ಪ್ಯಾಸೆಂಜರು, ಅಲ್ಲಲ್ಲಿ ಒಂದೆರಡು ಅಗುಳು ಇಳಿದುಕೊಳ್ಳುತ್ತವೆ. ಚಪಾತಿಗೆ ಬಾಯಲ್ಲೇ ಹಿಂದೆ ಮುಂದೆ ಬಹಳ ಶಂಟಿಂಗ್ ಬೇಕು. ನೀರು ಬ್ರೇಕಿಲ್ಲದ ಎಂಜಿನ್ನು, ಅತ್ಯಂತ ಅಪಾಯ. ಇನ್ನು ಮುದ್ದೆ? ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಮುದ್ದೆಯನ್ನು ಅಗಿಯುವ ಹಾಗಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನಾಲಿಗೆಯ ಮೇಲಿಟ್ಟು ನುಂಗಬೇಕು. ಅಗಿದವನನ್ನು ನಾವು ಪರವೂರಿನವನು ಅಂತ ಗುರುತಿಸುತ್ತೇವೆ. "ಅಗೀದೆ ಇಡೀ ಗೂಡ್ಸು ಗಾಡೀನ ಒಂದೇ ಏಟಿಗೆ ಜಂಕ್ಷನ್ ದಾಟಿಸ್ತೀವಲ್ಲೋ! ಎಂಥಾ ಧೈರ್ಯದ ಜನಾನೋ ನಾವು!" ಎಂದು ಭಾವ ನಿಟ್ಟುಸಿರು ಬಿಡುವರು. ಹಾಗಂತ ಮುದ್ದೆ ಬಿಟ್ಟರೇ? ಇಲ್ಲ. ಅದಕ್ಕೇ ಕೈಮರ, ಲೈನ್ ಕ್ಲಿಯರ್, ಕೆಮ್ಮು ಎಲ್ಲ ಬಂದದ್ದು.

ಒಂದು ಸಂಜೆ ಸ್ಕೂಲಿನಿಂದ ಬರುತ್ತೇನೆ, ಭಾವ ಜಗಲಿಯಲ್ಲಿ ಗೋಡೆಗೆ ಕಾಲೊರಗಿಸಿ ತಲೆಕೆಳಗಾಗಿ ನಿಂತಿದ್ದಾರೆ! ಪಂಚೆಯನ್ನು ಕಚ್ಚೆ ಬಿಗಿದಿದ್ದರು, ಅಷ್ಟು ಪುಣ್ಯ. ಪಕ್ಕದಲ್ಲಿ ಸುಲಿದ ಬಾಳೆಹಣ್ಣು.

"ಭಾವ! ಏನಿದು?"

"ಸುಮ್ನೆ ಹಣ್ಣು ಬಾಯಿಗಿಡೋ. ಆ ಮಾಸ್ತರು ಹೇಳ್ತಾರೆ, ಅನ್ನ ಬೀಳೋದಲ್ಲವಂತೆ. ಅನ್ನನಾಳ ಹಿಂದೆ ಬಿಗಿದು ಮುಂದೆ ಸಡಿಲ ಬಿಟ್ಟು ನೂಕ್ಕೊಂಡು ಹೋಗ್ತದಂತೆ. ಅಂದ್ರೆ ಹಿಂದೊಂದು ಎಂಜಿನ್ ಇರಬೇಕು. ಘಾಟಿ ಹತ್ತುತ್ತೋ ಇಲ್ವೋ ನೋಡ್ಬೇಕು."

ಇಟ್ಟೆ. ಎಡಗೈ ಚಾಚಲು ಹೋಗಿ ಒಮ್ಮೆ ಪಕ್ಕಕ್ಕೆ ವಾಲಿದರು. ಎತ್ತಿ ನಿಲ್ಲಿಸಿದೆ. ಗುಳುಕ್! ಹಣ್ಣು ನಿಜವಾಗಿಯೂ ಮೇಲಕ್ಕೆ, ಅಂದರೆ ಅವರ ಹೊಟ್ಟೆಯ ಕಡೆಗೆ, ಹತ್ತಿಯೇ ಹೋಯಿತು! "ಹತ್ತಿತು! ಹತ್ತಿತು!" ಎಂದು ಭಾವ ಕೂಗುತ್ತಿರುವಾಗ ಅಕ್ಕ ಕೊಡ ಹೊತ್ತು ನೀರು ತಂದಳು. ಗಂಡ ತಲೆಕೆಳಗು, ತಮ್ಮ ಕಾಲು ಹಿಡಿದುಕೊಂಡಿದ್ದಾನೆ. ಕೊಡ ಇಳಿಸಿದಳು. ಒಂದು ಚೆಂಬು ನೀರು ತೆಗೆದುಕೊಂಡು ಇಬ್ಬರ ಮೇಲೂ ಸಮನಾಗಿ ಸುರಿದಳು. ಕೊಡ ಎತ್ತಿಕೊಂಡು ಒಳಗೆ ಹೋದಳು.

ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಪಕ್ಕ ಬಸ್ಸು ಕೆಟ್ಟು ನಿಂತಾಗ ಭಾವ ಮೆಲುಕು ಹಾಕುವ ಹಸುಗಳ ಮುಂದೆ ಎರಡು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದರು. ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮತ್ತೆ ನುಂಗುತ್ತವಲ್ಲ! "ಒಂಟಿ ಲೈನಲ್ಲಿ ಅಪ್ಪೂ ಇದೆ ಡೌನೂ ಇದೆ ಕಣೋ! ಒಂದ್ ದಿನಾನಾದ್ರೂ ಡಿಕ್ಕಿ ಆಗಿಲ್ಲ! ಇವಕ್ಕೆ ಪ್ರಮೋಷನ್ ಕೊಡ್ಬೇಕು." ಬಸ್ಸು ರಿಪೇರಿಯಾಗಿ ಹೊರಟುಹೋಯಿತು. ಭಾವ ಕಡೂರಿನವರೆಗೆ ನಡೆದು, ಅಲ್ಲಿಂದ ರೈಲು ಹತ್ತಿ ಬಂದರು.

ಭಾವನ ತಂಗಿಯನ್ನು ನೋಡಲು ಲಿಂಗದಹಳ್ಳಿ ಕಡೆಯಿಂದ ಗಂಡಿನವರು ಬಂದದ್ದು ಇನ್ನೊಂದು ಕಥೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗಿ ಬಂದು ನಮಸ್ಕಾರ ಮಾಡಿ ಹೋದಳು. ಭಾವ ಗಂಡಿನ ಹತ್ತಿರ ಜರುಗಿ ಕೂತು, "ಒಂದ್ ಲೋಟ ನೀರು ಕುಡೀರಿ ಸ್ವಾಮಿ" ಎಂದರು. ಹುಡುಗ ಉಪಚಾರ ಅಂದುಕೊಂಡು ಲೋಟ ಎತ್ತಿದ. ಭಾವ ಎರಡು ಬೆರಳನ್ನು ಅವನ ಗಂಟಲ ಮೇಲಿಟ್ಟರು!

ಹುಡುಗನ ತಂದೆ ಎದ್ದೇ ನಿಂತರು. "ಏನ್ರೀ ಇದು? ಹೆಣ್ಣು ನೋಡೋಕೆ ಬಂದ್ರೆ ಗಂಡಿನ ಗಂಟ್ಲು ಹಿಚುಕ್ತೀರಾ?"

"ಹಿಚುಕ್ತಿಲ್ಲ ಸ್ವಾಮಿ. ಪೆಟ್ಟಿಗೆ ಏರ್ತದೋ ಇಲ್ವೋ ನೋಡ್ತಿದೀನಿ. ಕೆಲಸ ಇವತ್ತಿರ್ತದೆ ನಾಳೆ ಹೋಗ್ತದೆ. ನುಂಗೋದು ದಿನಾ ಇರ್ತದೆ."

ಹುಡುಗ ಗಾಬರಿಯಲ್ಲಿ ಕೆಮ್ಮಿದ. ನೀರು ಕೇಸರಿಬಾತಿನ ತಟ್ಟೆಗೆಲ್ಲ ಚಿಮ್ಮಿತು. ಭಾವ ಒಂದು ನಿಮಿಷ ಯೋಚಿಸಿ ತೀರ್ಪು ಕೊಟ್ಟರು, "ಇದು ಹೆದರಿಕೆ ಕೆಮ್ಮು. ಲೆಕ್ಕಕ್ಕಿಲ್ಲ. ಪೆಟ್ಟಿಗೆ ಚೆನ್ನಾಗಿ ಏರಿತು. ಪಾಸ್!"

ಸಂಬಂಧ ಮುರಿದುಬಿತ್ತು ಅಂದುಕೊಂಡಿರಾ? ಕೂಡಿಬಂತು! ಬಾಗಿಲ ಸಂದಿಯಿಂದ ನೋಡಿ ನಕ್ಕ ಹುಡುಗಿಗೆ, ಅಷ್ಟಾದರೂ ಸಿಟ್ಟಾಗದೆ ಕೂತಿದ್ದ ಆ ಹುಡುಗನೇ ಇಷ್ಟವಾದ.

ಭಾವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪಂಕ್ತಿಯ ಊಟ. ಗೃಹಪ್ರವೇಶವಿರಲಿ, ಮಠದ ದಾಸೋಹವಿರಲಿ, ಕರೆದರೆ ಸಾಕು. ಅಕ್ಕಪಕ್ಕದವರ ಎಲೆಯಲ್ಲಿ ಏನಿಲ್ಲ ಎಂದು ನೋಡಿ ಬಡಿಸುವವರನ್ನು ಕೂಗುವರು. ಮುದುಕರು ಉಣ್ಣುವುದನ್ನು ಕಣ್ಣಿಟ್ಟು ಕಾಯುವರು. "ನಿಧಾನ ಅಜ್ಜ, ನಿಧಾನ. ಗದ್ದ ಕೆಳಗೆ." ಒಂದೇ ತೊಂದರೆ, ಆ ಚಾಚಿದ ಎಡಗೈ. ಬಡಿಸುವವರು ಅದನ್ನು ಕಂಡು 'ಬೇಡ ಅಂತಿದಾರೆ' ಅಂದುಕೊಂಡು ಮುಂದಕ್ಕೆ ಹೋಗಿಬಿಡುವರು. ಬಾಯಲ್ಲಿ ತುತ್ತಿರುವಾಗ ಮಾತಾಡುವಂತಿಲ್ಲವಲ್ಲ, ಭಾವ ಕಣ್ಣಿನಲ್ಲೇ ಬೇಕು ಬೇಕು ಅನ್ನುವರು. ಕಣ್ಣಿನ ಮಾತು ಬಡಿಸುವವರಿಗೆ ಎಲ್ಲಿ ತಿಳಿಯಬೇಕು? ಎಷ್ಟೋ ಊಟಗಳಿಂದ ಅರೆಹೊಟ್ಟೆಯಲ್ಲಿ ಬಂದು, ಮನೆಯಲ್ಲಿ ಅಕ್ಕನ ಕೈಯಲ್ಲಿ ಬೈಸಿಕೊಂಡು ಮಜ್ಜಿಗೆ ಅನ್ನ ಉಣ್ಣುವರು. ಆದರೂ ಮುಂದಿನ ಪಂಕ್ತಿ ತಪ್ಪಿಸುವರಲ್ಲ.

ಈಗ ಸೀಟಿಯ ವಿಷಯ.

ಡ್ರಿಲ್ ಮಾಸ್ತರು ಒಂದು ದಿನ ಆಫೀಸಿನಲ್ಲಿ ಕೂತು ಕೇಳಿದರು, "ರೀ, ನಿಮ್ ಭಾವ ತುತ್ತು ಬಾಯಲ್ಲಿದ್ದಾಗ ಮಾತಾಡಲ್ಲ. ಸೀಟಿ ಕೇಳಿದ್ರೆ ರೈಟ್ ಅನ್ನದೆ ಇರಲ್ಲ. ತುತ್ತು ಬಾಯಲ್ಲಿರೋವಾಗಲೇ ಸೀಟಿ ಕೇಳಿದ್ರೆ?"

ನಾನು ಎಸ್ಸೆಸ್ಸೆಲ್ಸಿ ಓದಿದವನು, ಇಂಥ ಪ್ರಶ್ನೆಗೆ ಉತ್ತರ ಗೊತ್ತಿಲ್ಲ ಅನ್ನಲಾದೀತೇ? "ರೈಟ್ ಅಂತಾರೆ" ಎಂದೆ. "ಅನ್ನಲ್ಲ" ಎಂದರು. ಪಂದ್ಯವಾಯಿತು. ಸೋತವರು ತರೀಕೆರೆಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಬೇಕು. ಅವರೇ ತಮ್ಮ ಕೊರಳಿನ ಸೀಟಿ ತೆಗೆದು ನನ್ನ ಜೇಬಿಗೆ ಹಾಕಿದರು.

ಮುಂದಿನ ವಾರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನೆಂಟರ ಗೃಹಪ್ರವೇಶ. ನಾನು ಟವಲ್ಲು ಸೊಂಟಕ್ಕೆ ಕಟ್ಟಿ ಸಾರು ಬಡಿಸುತ್ತಿದ್ದೆ. ಡ್ರಿಲ್ ಮಾಸ್ತರು ಸಾಕ್ಷಿಯಾಗಿ ಭಾವನ ಎದುರು ಸಾಲಿನಲ್ಲಿ ಕೂತಿದ್ದರು. ಗೋಡೆಯ ಗಡಿಯಾರ ಒಂದೂ ಇಪ್ಪತ್ತು ತೋರಿಸುತ್ತಿತ್ತು. ಭಾವ ಮುದ್ದೆ ಮುರಿದರು, ಅದ್ದಿದರು, ಬಾಯಿಗಿಟ್ಟರು. ಗದ್ದ ತಗ್ಗಿತು. ಕೈ ಚಾಚಿತು. ನಾನು ಬಕೆಟ್ಟನ್ನು ಕೆಳಗಿಟ್ಟು ಉಗ್ರಾಣದ ಬಾಗಿಲ ಹಿಂದೆ ಸರಿದೆ. ಸಂದಿಯಿಂದ ನೋಡುತ್ತಿದ್ದೆ. ಕೈ ಇಳಿಯತೊಡಗಿತು. ಊದಿದೆ.

"ರೈ..." ಅಂದರು ಭಾವ. 'ಟ್' ಬರಲಿಲ್ಲ.

ಉಸಿರು ಎಳೆದುಕೊಳ್ಳಲು ಬಾಯಿ ತೆರೆದರು. ಸದ್ದೇ ಇಲ್ಲ. ಕಣ್ಣು ಹೊರಗೆ ಬಂದವು. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಯಾರೋ ನೀರು ನೀರು ಎಂದರು. ನಾನು ಬಾಗಿಲ ಹಿಂದೆ ಸೀಟಿ ಕಚ್ಚಿಕೊಂಡು ಕಲ್ಲಾಗಿ ನಿಂತಿದ್ದೆ. ಅಡುಗೆಮನೆಯಿಂದ ಓಡಿಬಂದವಳು ಅಕ್ಕ. ಗಂಡನನ್ನು ಮುಂದಕ್ಕೆ ಬಗ್ಗಿಸಿ, ಹೆಗಲುಗಳ ನಡುವೆ ಅಂಗೈಯಿಂದ ಹೊಡೆದಳು. ಒಂದು, ಎರಡು, ಮೂರು. ನಾಲ್ಕನೆಯ ಏಟಿಗೆ ಮುದ್ದೆ ಹಾರಿ ಬಂದು, ಎಲೆಗಳ ಸಾಲಿನ ನಡುವೆ ಉರುಳುತ್ತಾ ಉರುಳುತ್ತಾ ಹೋಗಿ ಡ್ರಿಲ್ ಮಾಸ್ತರ ಎಲೆಯ ಅಂಚಿಗೆ ತಾಗಿ ನಿಂತಿತು.

ಇಡೀ ಪಂಕ್ತಿ ನಕ್ಕಿತು. ಗಾಬರಿ ಕಳೆದದ್ದಕ್ಕೋ, ಮುದ್ದೆ ಉರುಳಿದ್ದಕ್ಕೋ, ಒಟ್ಟಿನಲ್ಲಿ ಹೊಟ್ಟೆ ಹಿಡಿದು ನಕ್ಕರು. "ಗಾರ್ಡು ಸರಿಯಾದ ಟೈಮಿಗೇ ಊದಿದ ನೋಡ್ರಪ್ಪಾ!" ಎಂದರು ಯಾರೋ. ಮತ್ತೆ ನಗು. ನಾನೂ ಸೀಟಿಯನ್ನು ಜೇಬಿಗಿಳಿಸಿ, ಬಾಗಿಲ ಹಿಂದಿನಿಂದ ಹೊರಬಂದು, ಎಲ್ಲರೂ ನಗುತ್ತಿದ್ದಾರೆಂದು ನಕ್ಕೆ.

ಭಾವ ಎದ್ದರು. ನಡೆದುಕೊಂಡು ಹೋಗಿ ಆ ಮುದ್ದೆಯನ್ನು ತಮ್ಮ ಕೈಯಾರೆ ಎತ್ತಿದರು. ತಂದು ತಮ್ಮ ಎಲೆಗೆ ಹಾಕಿ ಎಲೆ ಮಡಿಸಿದರು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮೊದಲು ಒಬ್ಬರು ಏಳುವ ಪದ್ಧತಿ ನಮ್ಮಲ್ಲಿಲ್ಲ. ಎದ್ದು ಹೋಗಿಬಿಟ್ಟರು.

ಆ ಭಾನುವಾರ ತರೀಕೆರೆಯಲ್ಲಿ ಡ್ರಿಲ್ ಮಾಸ್ತರ ಖರ್ಚಿನಲ್ಲಿ ಮಸಾಲೆ ದೋಸೆ ತಿಂದೆ. ಅದನ್ನೂ ಹೇಳಿಬಿಡಬೇಕಲ್ಲ. ರುಚಿಯಾಗಿಯೇ ಇತ್ತು.

ಆಮೇಲೆ ಭಾವ ಯಾವ ಪಂಕ್ತಿಗೂ ಬರಲಿಲ್ಲ. ಮೊದಲು ನಾನು ಸಿಟ್ಟು ಅಂದುಕೊಂಡೆ. ಒಂದು ತಿಂಗಳಾದ ಮೇಲೆ ಅಕ್ಕ ಹೇಳಿದಳು, "ಮನೇಲೂ ಹಂಗೇ ಕಣೋ. ತಟ್ಟೆ ತಗೊಂಡು ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡು ಗೋಡೆ ಕಡೆ ಮುಖ ಮಾಡ್ಕೊಂಡು ಉಣ್ತಾರೆ. ನನ್ನೂ ಒಳಗೆ ಬಿಡಲ್ಲ. ಕಟ್ಕೊಂಡಾಗಿನಿಂದ ಎದುರಿಗೆ ಕೂತು ಉಂಡೋಳು ನಾನು, ಈಗ ಬಾಗ್ಲಾಚೆ ಕೂತು ಆ ಕೆಮ್ಮು ಕೇಳಿಸ್ಕೋತೀನಿ. ಕೆಮ್ಮಿದ್ರೆ ಸರಿ, ನುಂಗಿದ್ರು ಅಂತ. ಆ ಹಾಳು ಗಾರ್ಡು ಯಾವನೋ, ಅವನ ಬಾಯಿಗೆ ಹುಳ ಬೀಳ!"

ಹುಳ ಬೀಳಬೇಕಾದ ಬಾಯಿಂದಲೇ ಅವಳು ಕೊಟ್ಟ ಕಾಫಿ ಕುಡಿದೆ. ಹೇಳಲಿಲ್ಲ. ನಾಳೆ ಹೇಳೋಣ, ಹಬ್ಬ ಕಳೆಯಲಿ, ನನ್ನ ಮದುವೆ ಆಗಲಿ. ನನ್ನ ಮದುವೆಯ ಊಟಕ್ಕೂ ಭಾವ ಕೂರಲಿಲ್ಲ. ಬಡಿಸುವವರ ಜೊತೆ ಓಡಾಡಿ, ಮುದುಕರಿಗೆ "ಗದ್ದ ಕೆಳಗೆ ಅಜ್ಜ" ಎಂದು ಹೇಳಿ, ಮನೆಗೆ ಹೋಗಿ ಗೋಡೆಯೆದುರು ಉಂಡರು. ಅವರಿಗೆ ಕಡೂರಿಗೆ ವರ್ಗವಾಯಿತು, ನನಗೆ ತರೀಕೆರೆಗೆ. ಹನ್ನೊಂದು ವರ್ಷ ಹೀಗೆ ಹೋಯಿತು.

ಆಮೇಲೆ ನನಗೆ ಲಕ್ವ ಹೊಡೆಯಿತು.

ವಯಸ್ಸು ಅಂಥದ್ದೇನಲ್ಲ, ನಲವತ್ತು ದಾಟಿತ್ತು ಅಷ್ಟೇ. ಬಾಯಿ ಬಲಕ್ಕೆ ಸೊಟ್ಟ, ಮಾತು ತೊದಲು. ಕೈಕಾಲು ಬೇಗ ಚೇತರಿಸಿಕೊಂಡವು. ಆದರೆ ಗಂಟಲಿನ ಎಡಭಾಗ ಏಳಲಿಲ್ಲ. ಆಸ್ಪತ್ರೆಯಲ್ಲಿ ಮೂಗಿನಿಂದ ಕೊಳವೆ ಹಾಕಿ ಗಂಜಿ ಬಿಟ್ಟರು. ಕೊಳವೆ ತೆಗೆದು ಮನೆಗೆ ಕಳಿಸುವಾಗ ಡಾಕ್ಟರು, "ಹುಷಾರಾಗಿ ನುಂಗಿಸಿ, ಶ್ವಾಸಕೋಶಕ್ಕೆ ಹೋದರೆ ಕಷ್ಟ" ಎಂದರು. ಹೇಗೆ ಹುಷಾರು? ಒಂದು ಚಮಚ ನೀರು ಕೊಟ್ಟರೆ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು. ನನ್ನ ಹೆಂಡತಿ ಚಮಚ ಹಿಡಿದು ಅಳುವಳು. ನಾನು ಬಾಯಿ ತೆರೆಯಲು ಹೆದರಿ ಹಲ್ಲು ಕಚ್ಚಿಕೊಳ್ಳುವೆ. ನಮ್ಮ ಗಂಟಲಿನ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಮುಷ್ಕರ ಹೂಡಿದ್ದ!

ನಾಲ್ಕನೆಯ ದಿನ ಕಡೂರಿನಿಂದ ಭಾವ ರಜ ಹಾಕಿ ಬಂದರು. ಕೈಯಲ್ಲಿ ರಾಗಿ ಹಿಟ್ಟಿನ ಚೀಲ. ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು, "ಎಂಜಲು ನುಂಗೋ" ಎಂದರು. ನುಂಗಿದೆ. "ಏರ್ತದೆ. ಅರ್ಧ ಏರ್ತದೆ. ಕೆಲಸ ಬಿಟ್ಟಿಲ್ಲ ಅವನು." ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ತಂಗಿ, ಎರಡು ತಟ್ಟೆ ಹಾಕು" ಎಂದರು.

ಅವಳಿಗೆ ಅರ್ಥವಾಗಲಿಲ್ಲ. "ಎರಡಾ ಅಣ್ಣ? ನೀವು... ಇಲ್ಲೇ ಉಣ್ತೀರಾ?"

"ಇವನಿಗೆ ತೋರಿಸ್ಬೇಕಲ್ಲಮ್ಮ. ಹೇಳಿದ್ರೆ ಬರಲ್ಲ ಇದು."

ನನ್ನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು, ಚಕ್ಕಂಬಕ್ಕಲ ಹಾಕಿ ಕೂತರು. ರಾಗಿ ಗಂಜಿಯನ್ನು ತಾವೇ ಗಟ್ಟಿಯಾಗಿ ಕಾಯಿಸಿದ್ದರು. "ನೀರು ಬೇಡ. ಅದಕ್ಕೆ ಬ್ರೇಕಿಲ್ಲ. ಗಟ್ಟಿ ಗಂಜಿ ಗೂಡ್ಸು ಇದ್ದಂಗೆ, ನಿಧಾನ ಬತ್ತದೆ. ಪಾಯಿಂಟ್ ಹಾಕೋಕೆ ಟೈಮ್ ಸಿಗ್ತದೆ. ಗದ್ದ ಎದೆಗೆ ತಾಗ್ಲಿ. ತಲೆ ಎಡಕ್ಕೆ ತಿರುಗಿಸು, ಆ ಕಡೆ ತಾನೇ ಕೆಟ್ಟಿರೋದು? ಕೆಟ್ಟ ಲೈನು ಮುಚ್ಕೊಳ್ಳಿ, ಒಳ್ಳೆ ಲೈನಲ್ಲಿ ಬಿಡು. ಉಸಿರು ಹಿಡಿ. ನನ್ ಕೈ ನೋಡು."

ಕೈ ಚಾಚಿತು. ಇಳಿಯಿತು. ಅವರು ನುಂಗಿದರು, ನಾನೂ ನುಂಗಿದೆ. ಅವರು 'ಖ್ಹೆಂ' ಅಂದರು, ನಾನೂ ಅಂದೆ. ಗಂಜಿ ಹೋಗಬೇಕಾದ ಕಡೆಗೇ ಹೋಯಿತು! ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ಕೂತುಬಿಟ್ಟಳು.

ಮೂರು ವಾರ, ದಿನಕ್ಕೆ ನಾಲ್ಕು ಹೊತ್ತು. ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು, "ಯಾರ್ರೀ ಹೇಳಿಕೊಟ್ಟಿದ್ದು ಇಷ್ಟು ಚೆನ್ನಾಗಿ?" ಎಂದರು. ನಾನು ತೊದಲಿದೆ, "ರೈಲ್ವೆಯವರು." ಡಾಕ್ಟರು ನನ್ನ ತಲೆಗೂ ಏನೋ ಆಗಿದೆ ಅಂತ ಬರೆದುಕೊಂಡಿರಬೇಕು.

ಒಂದು ಭಾನುವಾರ ಅಕ್ಕ ಕಡೂರಿನಿಂದ ಬಂದಳು. ಬಾಗಿಲಲ್ಲಿ ನಿಂತಳು. ಗಂಡ ತಮ್ಮನ ಎದುರಿಗೆ ಕೂತು ಉಣ್ಣುತ್ತಿದ್ದಾರೆ, ಕೈ ಚಾಚುತ್ತಿದ್ದಾರೆ, ಕೆಮ್ಮುತ್ತಿದ್ದಾರೆ. ಅಕ್ಕ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು, ಗಂಡನ ಪಕ್ಕದಲ್ಲಿಟ್ಟುಕೊಂಡು ಕೂತಳು. ಭಾವ ಅವಳ ತಟ್ಟೆ ನೋಡಿ, "ಸಾರು ಹಾಕ್ಕೊಂಡಿಲ್ವಲ್ಲೇ" ಎಂದರು. ಅಷ್ಟೇ.

ಭಾವ ಊರಿಗೆ ಹೊರಡುವ ಹಿಂದಿನ ದಿನ, ಮಧ್ಯಾಹ್ನ, ನನಗೆ ಮೊದಲ ಸಲ ಮುದ್ದೆ. ನೆಲ್ಲಿಕಾಯಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಅವರೇ ನನ್ನ ನಾಲಿಗೆಯ ಮೇಲಿಟ್ಟರು. ಹೆಂಗಸರು ಹಿತ್ತಲಲ್ಲಿದ್ದರು. ಭಾವ ಎಡಗೈ ಚಾಚಿದರು. ಆ ಕೈಯನ್ನು ನೋಡಿದೆ. ಬಾಗಿಲ ಸಂದಿಯಿಂದ ಒಮ್ಮೆ ನೋಡಿದ್ದ ಅದೇ ಕೈ. ಮೇಲಿನ ಕೂದಲು ಮಾತ್ರ ಬೆಳ್ಳಗಾಗಿದ್ದವು.

ತುತ್ತನ್ನು ಕೆನ್ನೆಗೆ ಒತ್ತಿಕೊಂಡು ತೊದಲಿದೆ, "ಭಾವ, ಆ ಗೃಹಪ್ರವೇಶದ ದಿನ... ಸೀಟಿ ಊದಿದ್ದು ಗಾರ್ಡಲ್ಲ. ನಾನು."

ಚಾಚಿದ ಕೈ ಅಲುಗಲಿಲ್ಲ.

"ಗೊತ್ತು ಕಣೋ. ಒಂದೂ ಇಪ್ಪತ್ತಕ್ಕೆ ಅಜ್ಜಂಪುರದಲ್ಲಿ ಯಾವ ಗಾಡಿ ಇತ್ತೋ? ಟೈಂ ಟೇಬಲ್ ನನಗೆ ಗೊತ್ತಿಲ್ವಾ? ಆಮೇಲೆ ನೀನು ಬಾಗಿಲ ಹಿಂದಿಂದ ಬಂದೆ, ಕೈಯಲ್ಲಿ ಸಾರಿನ ಬಕೆಟ್ ಇರ್ಲಿಲ್ಲ."

"ಮತ್ತೆ... ಅಕ್ಕನಿಗೆ ಯಾಕೆ ಹೇಳ್ಲಿಲ್ಲ?"

"ಅವಳಿಗಿರೋದು ನೀನೊಬ್ನೇ ತಮ್ಮ."

ಹೊರಗೆ ಹಿತ್ತಲಲ್ಲಿ ಅಕ್ಕ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. ಭಾವ ಒಂದು ಗಳಿಗೆ ಅದನ್ನು ಕೇಳಿಸಿಕೊಂಡರು.

"ಸೀಟಿ ಯಾರಾದ್ರೂ ಊದ್ಲಿ, ಪಾಯಿಂಟು ನಂದು ಕಣೋ. ಬಾಯಿ ತೆಗೆದೋನು ನಾನು. ನನ್ ಮೇಲೇ ನನಗೆ ನಂಬಿಕೆ ಹೋಗ್ಬಿಟ್ಟಿತ್ತು, ಅದಕ್ಕೆ ಗೋಡೆ ಕಡೆ ತಿರುಗಿದ್ದು."

ಸೊಟ್ಟ ಬಾಯಿ ಇನ್ನಷ್ಟು ಸೊಟ್ಟವಾಗಿ ಅಳು ಬಂತು.

"ಲೇ ಲೇ ಲೇ! ತುತ್ತಿದೆ ಬಾಯಲ್ಲಿ! ಅಳೋದೂ ಅದೇ ಲೈನು ಕಣೋ. ಇದು ಮೊದ್ಲು ಹೋಗ್ಲಿ, ಆಮೇಲೆ ಅದನ್ನ ಬಿಡು. ಗದ್ದ ಕೆಳಗೆ."

ಗದ್ದ ತಗ್ಗಿಸಿದೆ. ಉಸಿರು ಹಿಡಿದೆ. ಭಾವನ ಕೈ, ಯಾವ ಅವಸರವೂ ಇಲ್ಲದೆ, ಇಳಿಯಿತು.